ಭಾಗ 4: ಕಹಿ ಇದ್ರೆ ಕಹಿ ಅಂತಲೇ ಹೇಳಿ

ಹೋದ ಜೂನ್‌ನಲ್ಲಿ ಅಪ್ಪ ತೀರಿಕೊಂಡ್ರು. ಮೂರೇ ತಿಂಗಳಲ್ಲಿ ಹಾಸನದ ಮನೆ ಖಾಲಿ ಮಾಡಿ ಅಮ್ಮ, ನಾನು ಬೆಂಗಳೂರಿಗೆ ಬಂದ್ವಿ. ಹೊಸ ಕಾಲೇಜು, ಹೊಸ ಚರ್ಚು, ಸಂಜೆ ಟ್ಯಾಲಿ ಎಂಟ್ರಿ ಕೆಲಸ. ಕ್ವಾಯರ್‌ನಲ್ಲಿ ಹಾಡ್ತಿದ್ದ ಅಮ್ಮ ಹಾಡೋದನ್ನೇ ಬಿಟ್ರು. "ದೇವರ ಚಿತ್ತ, ನಂಬಿಕೆ ಇಡಮ್ಮ" ಅಂತ ಎಲ್ಲರೂ ಹೇಳೋರು. ನನಗೆ ಒಳಗೊಳಗೇ ಸಿಟ್ಟು. ಮಂಡಿಯೂರಿದ್ರೆ ಒಂದು ಮಾತೂ ಹೊರಡ್ತಿರಲಿಲ್ಲ.

ಆಗ ಬೈಬಲಿನ ರೂತಳ ಪುಸ್ತಕ ಓದಿದೆ. ನಾಲ್ಕೇ ಅಧ್ಯಾಯ. ಸಂಡೇ ಸ್ಕೂಲಲ್ಲಿ ಕೇಳಿದ್ದ ಕಥೆನೇ, ಆದ್ರೆ ಈ ಸಲ ಕಣ್ಣಿಗೆ ಬಿದ್ದಿದ್ದು ಅತ್ತೆ ನೊವೊಮಿ. ಮೋವಾಬಿನಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳ್ಕೊಂಡು ಬೇತ್ಲೆಹೇಮಿಗೆ ವಾಪಸ್ ಬರ್ತಾಳೆ. ತನ್ನನ್ನ ಇನ್ಮೇಲೆ ಮಾರಾ ಅಂತ ಕರೀರಿ ಅಂತಾಳೆ. ಮಾರಾ ಅಂದ್ರೆ ಕಹಿ. ದೇವರನ್ನೇ ದೂರ್ತಾಳೆ. ನಿನಗೆ ನಂಬಿಕೆ ಇಲ್ಲ ಅಂತ ಯಾರೂ ಅವಳಿಗೆ ಬುದ್ಧಿ ಹೇಳಲ್ಲ. ದೇವರೂ ಬಾಯಿಬಿಟ್ಟು ಉತ್ತರ ಕೊಡಲ್ಲ. ಆದ್ರೆ ಅದು ಜವೆಗೋಧಿ ಸುಗ್ಗಿ ಶುರುವಾದ ಕಾಲ. ಕೊಯ್ಯೋರ ಹಿಂದೆ ಉಳಿದ ತೆನೆ, ಅಂದ್ರೆ ಹಕ್ಕಲು, ಆಯ್ದು ತಂದು ಸೊಸೆ ರೂತಳು ಮನೆ ನಡೆಸ್ತಾಳೆ.

ಆ ರಾತ್ರಿ ನಾನೂ ಹೇಳಿದೆ: "ಸ್ವಾಮೀ, ನಿನ್ನ ಮೇಲೆ ನನಗೆ ಕೋಪ ಇದೆ." ಎಷ್ಟೋ ದಿನಗಳ ಮೇಲೆ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದು.

ಅಪ್ಪ ಯಾಕೆ ಹೋದ್ರು ಅನ್ನೋದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆದ್ರೆ ನಮ್ಮ ಪಾಲಿನ ಹಕ್ಕಲು ಕಾಣ್ತಿದೆ: ಚರ್ಚಿನ ಆಂಟಿ ಕೊಟ್ಟ ಕುಕ್ಕರ್, ಕ್ಲಾಸ್‌ಮೇಟ್ ಕೊಟ್ಟ ಕಾಸ್ಟಿಂಗ್ ನೋಟ್ಸ್, ಹೋದ ಭಾನುವಾರ ಅಮ್ಮ ಮತ್ತೆ ಮೆಲ್ಲಗೆ ಹಾಡಿದ್ದು.

ನಿಮಗೂ ಎಲ್ಲ ಒಂದೇ ಸಲ ಬದಲಾಗಿದ್ಯಾ? ಇರೋದನ್ನ ಇರೋ ಹಾಗೇ ದೇವರಿಗೆ ಹೇಳಿ. ಬೇಕಿದ್ರೆ ನನಗೂ ಮೆಸೇಜ್ ಮಾಡಿ, ಸೇರಿ ಪ್ರಾರ್ಥನೆ ಮಾಡೋಣ. 🤍