ಅಮ್ಮನ ಲೋಟದ ಗುಲಾಬಿ

ಶಿವರಾತ್ರಿ ಹತ್ತಿರ ಬಂತೆಂದರೆ ಲಕ್ಕಲಕಟ್ಟಿಯಲ್ಲಿ ಬಿಸಿಲು ಬಲಿಯತೊಡಗುತ್ತದೆ. ಎರೆಹೊಲದ ಜೋಳ, ಕಡಲೆ ರಾಶಿಯಾಗಿ ಮನೆ ಸೇರುವ ದಿನಗಳವು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಆದರೆ ಬೀಸುವ ಗಾಳಿಯಲ್ಲಿ ತಂಪಿರುವುದಿಲ್ಲ. ನಮ್ಮ ಹಿತ್ತಲಿನ ಗುಲಾಬಿಗೆ ಅದೇ ಕೊನೆಯ ಸುಗ್ಗಿ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಸವರಿದ ಗಿಡ ಒಂದೂವರೆ ತಿಂಗಳಿಗೆ ಹೂಬಿಟ್ಟು, ಚಳಿಗಾಲವೆಲ್ಲ ಅರಳಿ, ಫೆಬ್ರವರಿ ಕೊನೆಗೆ ದಣಿಯುತ್ತದೆ. ಆಗಿನ ಹೂ ಸಣ್ಣದು. ಹೊತ್ತೇರುವುದರೊಳಗೆ ಎಸಳಿನ ಅಂಚು ಕಂದಿರುತ್ತದೆ.

ಈ ಗಿಡಗಳನ್ನು ಬೆಳೆಸಿದವರು ನಮ್ಮ ಅಮ್ಮ. ಕುಡಿಯುವ ನೀರಿಗೇ ತತ್ವಾರವಾಗುವ ಸೀಮೆಯಲ್ಲಿ ಹೂವಿಗೆಂದು ಕೊಡ ಸುರಿಯುವುದು ಸಣ್ಣ ಮಾತಲ್ಲ. ಅಮ್ಮ ಗಿಡದ ಬುಡಕ್ಕೆ ಒಂದು ಕಲ್ಲು ಹಾಕಿಸಿ, ಅದರ ಮೇಲೆ ಕುಳಿತು ವುಜೂ ಮಾಡುತ್ತಿದ್ದರು. ಐದು ಹೊತ್ತಿನ ನಮಾಜಿನ ಆ ನೀರಿನಲ್ಲೇ ಗಿಡಗಳು ಬದುಕಿದವು.

ಹೂಗಳೆಲ್ಲ ಊರಿಗೆ ಹಂಚಿಹೋಗುತ್ತಿದ್ದವು. ದರ್ಗಾಕ್ಕೆ, ಮದುಮಗನ ಸೆಹರಾಕ್ಕೆ, ಖಬರಸ್ತಾನಕ್ಕೆ, ಪಕ್ಕದ ಮನೆಯ ಅಕ್ಕನ ದೇವರ ಜಗಲಿಗೆ, ಶಾಲೆಗೆ ಹೋಗುವ ಹುಡುಗಿಯರ ಜಡೆಗೆ. ಉಳಿದ ಎಸಳು ಸಕ್ಕರೆಯೊಡನೆ ಜಾಡಿ ಸೇರಿ, ಬಿಸಿಲಲ್ಲಿ ಕಾಯ್ದು ಗುಲ್ಕಂದವಾಗುತ್ತಿತ್ತು. ಅಮ್ಮನ ಮುಡಿಗೆ ಮಾತ್ರ ಒಂದು ಹೂವೂ ಹೋಗುತ್ತಿರಲಿಲ್ಲ. ಅಬ್ಬಾ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು.

ಕಳೆದ ಜನವರಿಯಲ್ಲಿ ಅಮ್ಮ ಅಂಗಳದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಒಳಮನೆಯ ಮಂಚದ ಮೇಲೆ ಮಲಗಬೇಕಾಯಿತು. ಬೋಗುಣಿಯಲ್ಲಿ ಹಿಡಿದ ಅವರ ವುಜೂ ನೀರನ್ನು ಗಿಡಕ್ಕೆ ಹಾಕುವ ಕೆಲಸ ನಮ್ಮ ಪಾಲಿಗೆ ಬಂತು. “ಎಷ್ಟು ಅರಳ್ಯಾವ?” ಎಂದು ಮುಂಜಾನೆ ಎದ್ದ ಕೂಡಲೇ ಕೇಳುತ್ತಿದ್ದರು. ಲೆಕ್ಕ ಒಪ್ಪಿಸಿ ಸಾಕಾಗಿ, ಒಂದು ದಿನ ಎರಡು ಹೂ ಕತ್ತರಿಸಿ ಚಹಾದ ಗಾಜಿನ ಲೋಟದಲ್ಲಿಟ್ಟು ಮಂಚದ ಬಳಿ ತಂದೆವು.

ಅಮ್ಮನ ಮುಖ ಗಂಭೀರವಾಯಿತು. “ಮೇರೇಕು ಫೂಲ್ ಕಾಯ್ಕೂ?” ಎಂದರು. ನನಗೇಕೆ ಹೂವು ಎಂದು.

ಆ ಮಾತು ನಮ್ಮನ್ನು ಚುಚ್ಚಿತು. ವಿಧವೆಯರ ಬದುಕಿನ ಬಗ್ಗೆ ಕತೆ ಬರೆದು ಹೊಗಳಿಸಿಕೊಂಡವರು ನಾವು. ನಮ್ಮದೇ ಮನೆಯಲ್ಲಿ ಗಿಡ ಬೆಳೆಸಿದ ಕೈಗೆ ಹೂವಿಲ್ಲದ್ದನ್ನು ಹನ್ನೊಂದು ವರ್ಷ ಗಮನಿಸಿರಲೇ ಇಲ್ಲ. ಕುರ್‌ಆನ್ ವಿಧವೆಗೆ ಹೇಳಿದ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಅದಾದ ಮೇಲೆ ಅವಳ ಅಲಂಕಾರಕ್ಕೆ ತಡೆಯಿಲ್ಲ, ಮರುಮದುವೆಗೂ ತಡೆಯಿಲ್ಲ. ಪ್ರವಾದಿ ಮುಹಮ್ಮದ್(ಸ) ಅವರ ಮೊದಲ ಪತ್ನಿ ಖದೀಜಾ ವಿಧವೆಯಾಗಿದ್ದವರು. ಯಾರಾದರೂ ಸುವಾಸನೆಯ ಹೂ ಕೊಟ್ಟರೆ ಬೇಡವೆನ್ನಬಾರದು, ಅದು ಹೊರಲು ಹಗುರ, ಮೂಗಿಗೆ ಹಿತ ಎಂಬರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದರಲ್ಲಿ ವಿಧವೆಯರನ್ನು ಬಿಟ್ಟು ಎಂದಿಲ್ಲ. ಹಾಗಾದರೆ ಆಯುಷ್ಯವಿಡೀ ನಡೆಯುವ ಈ ನಿಷೇಧ ಧರ್ಮದ್ದಲ್ಲ, ಓಣಿಯದು. ಓಣಿಯಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಎಲ್ಲರೂ ಕೂಡಿ ಪಾಲಿಸುವ ಕಟ್ಟಳೆಗಳಲ್ಲಿ ಇದೂ ಒಂದು.

ಇದನ್ನೆಲ್ಲ ಅಮ್ಮನಿಗೆ ಉಪದೇಶಿಸುವ ಧೈರ್ಯ ನಮಗಿರಲಿಲ್ಲ. “ತಲೆಯಲ್ಲಲ್ಲ, ಲೋಟದಲ್ಲಿದೆ. ಯಾರೇನು ಅನ್ನುತ್ತಾರೆ?” ಎಂದಷ್ಟೇ ಹೇಳಿದೆವು. ಅಮ್ಮ ಉತ್ತರಿಸಲಿಲ್ಲ. ಸಂಜೆ ನೋಡಿದರೆ ಲೋಟ ಮಂಚಕ್ಕೆ ಇನ್ನೊಂದು ಗೇಣು ಹತ್ತಿರ ಬಂದಿತ್ತು.

ಅಂದಿನಿಂದ ಹೂ ಕೊಯ್ಯುವುದನ್ನೂ ಕಲಿತೆವು. ಬಿಸಿಲು ಬೀಳುವ ಮುನ್ನವೇ ಕತ್ತರಿಸಬೇಕು. ಪೂರ್ತಿ ಅರಳಿದ್ದು ಬೇಡ, ಹೊರಗಿನ ಒಂದೆರಡು ಎಸಳು ಸಡಿಲವಾದ ಮೊಗ್ಗು ಒಳ್ಳೆಯದು. ದಂಟನ್ನು ಓರೆಯಾಗಿ ಕೊಯ್ದು, ನೀರಿನಲ್ಲಿ ಮುಳುಗುವ ಎಲೆ ತೆಗೆಯಬೇಕು. ಎಲೆ ಕೊಳೆತರೆ ನೀರು ಕೆಟ್ಟು ಹೂ ಬೇಗ ಬಾಡುತ್ತದೆ. ಚಿಟಿಕೆ ಸಕ್ಕರೆ, ನಾಲ್ಕು ಹನಿ ನಿಂಬೆರಸ ಹಾಕಿ ದಿನವೂ ನೀರು ಬದಲಿಸಬೇಕು. ಬಾಳೆಹಣ್ಣಿನ ಬುಟ್ಟಿ ಪಕ್ಕದಲ್ಲಿರಬಾರದು, ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹೂವೂ ಬೇಗ ಮುದಿಯಾಗುತ್ತದೆ. ಇಷ್ಟು ಮಾಡಿದರೂ ನಮ್ಮ ನಾಟಿ ಗುಲಾಬಿ ಎರಡು ಮೂರು ದಿನಕ್ಕೆ ಎಸಳು ಉದುರಿಸುತ್ತಿತ್ತು. ಬೆಂಗಳೂರಿನ ಸುತ್ತಲಿನ ಪಾಲಿಹೌಸ್‌ಗಳಲ್ಲಿ ಬೆಳೆದ ಉದ್ದ ದಂಟಿನ ಗುಲಾಬಿ ಇದಕ್ಕಿಂತ ಬಹಳ ದಿನ ಬಾಳುತ್ತದೆ, ಆದರೆ ಹೆಚ್ಚಿನವಕ್ಕೆ ವಾಸನೆಯಿಲ್ಲ. ಪಾರ್ಸಿಯಲ್ಲಿ ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಪನ್ನೀರಿನ ಹೆಸರೇ ನಮ್ಮಲ್ಲಿ ಹೂವಿನ ಹೆಸರಾಯಿತು. ವಾಸನೆಯಿಲ್ಲದ್ದನ್ನು ಗುಲಾಬಿ ಎನ್ನಲು ಅಮ್ಮ ಒಪ್ಪುವುದಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಅಮ್ಮನನ್ನು ನೋಡಲು ಬಂದರು. ಅವರೂ ಗಂಡನನ್ನು ಕಳೆದುಕೊಂಡವರೇ. ಲೋಟ ನೋಡಿ, “ದೇವರಿಗಲ್ಲ, ದಿಂಡರಿಗಲ್ಲ, ಸುಮ್ಮನ ಇಟ್ಟೀರೇನ್ರಿ ಬೀಬೀ?” ಎಂದು ಕೇಳಿದರು.

“ನನಗಂತ ಇಟ್ಟಾರಕ್ಕಾ” ಎಂದರು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, “ನೀವೂ ಒಂದು ಒಯ್ರಿ. ಜಗಲಿಗಲ್ಲ, ನಿಮಗ” ಎಂದರು.

ಅಕ್ಕ ಹೂವನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋದರು. ಅದು ಜಗಲಿ ಸೇರಿತೋ, ಲೋಟ ಸೇರಿತೋ ನಾವು ಕೇಳಲಿಲ್ಲ.

ಅಮ್ಮ ಈಗ ಕೋಲು ಹಿಡಿದು ಅಂಗಳಕ್ಕೆ ಬರುತ್ತಾರೆ. ಈ ಅಕ್ಟೋಬರಿನಲ್ಲಿ ನಾವು ಗಿಡ ಸವರುವಾಗ ಅದೇ ಕಲ್ಲಿನ ಮೇಲೆ ಕುಳಿತಿದ್ದರು. ಒಂದು ಟೊಂಗೆಗೆ ಕತ್ತರಿ ಹಾಕಹೋದಾಗ ಕೋಲಿನಿಂದ ತಡೆದು, “ಅದನ್ನ ಬಿಡು, ಒಳಗೂ ಹೂ ಬೇಕಲ್ಲ” ಎಂದರು.