ಅಕ್ಕಪಕ್ಕದ ಎರಡು ನಾಬ್

1990ರ ಫೆಬ್ರವರಿ 14ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನ ಹೆಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದ ಹುಲ್ಲಿಗೆ ಇಳಿಯಿತು. ಪುಟಿದು, ಒಡ್ಡಿಗೆ ಬಡಿದು, ನಿಲ್ದಾಣದ ಕಾಂಪೌಂಡಿನ ಹತ್ತಿರ ಹೊತ್ತಿಕೊಂಡಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಆಕಾಶ ತಿಳಿಯಾಗಿತ್ತು. ಇಂಜಿನ್ ಕೆಟ್ಟಿರಲಿಲ್ಲ. ವಿಮಾನ ನಮ್ಮ ದೇಶಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ.

ನನಗೆ ಈ ಅಪಘಾತದ ಹುಚ್ಚು ಹತ್ತಿದ್ದು ತೀರಾ ಈಚೆಗೆ, ಅದೂ ರೈಲಿನಲ್ಲಿ. ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಮದ್ದೂರಿನಿಂದ ಬೆಂಗಳೂರಿಗೆ ರೈಲು, ಇದು ನನ್ನ ದಿನಚರಿ. ನಾನು ಹತ್ತುವ ಹೊತ್ತಿಗೆ ಮಂಡ್ಯದ ಪಾಸಿನವರು ಸೀಟು ಹಿಡಿದು, ಆ ದಿನದ ವಿಷಯವನ್ನೂ ಹಿಡಿದಿರುತ್ತಾರೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬೋಯಿಂಗ್ 787 ಬಿದ್ದ ಮೇಲೆ ಕಬ್ಬಿನ ಬಾಕಿಯೂ ಕಾವೇರಿ ನೀರೂ ಹಿಂದಕ್ಕೆ ಸರಿದವು. ಹಕ್ಕಿ ಬಡಿದಿದೆ ಎಂದರು. ಫ್ಲ್ಯಾಪ್ ಬಿಟ್ಟಿರಲಿಲ್ಲ ಎಂದರು. ಪೆಟ್ರೋಲ್ ಕಲಬೆರಕೆ ಎಂದ ಒಬ್ಬರಿಗೆ, ವಿಮಾನಕ್ಕೆ ಪೆಟ್ರೋಲ್ ಹಾಕುವುದಿಲ್ಲ ಎಂದು ತಿಳಿಸಲು ಚನ್ನಪಟ್ಟಣ ದಾಟಬೇಕಾಯಿತು. ಇಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದ. ತಲೆಯ ಮೇಲೆ ಹಾರುವ ವಿಮಾನ ಎಲ್ಲಿಂದ ಎಲ್ಲಿಗೆ ಎಂದು ಮೊಬೈಲಿನಲ್ಲಿ ನೋಡುವುದೇ ಅವನಿಗೆ ಗೀಳು. ವಿಡಿಯೋದಲ್ಲಿ ವಿಮಾನದ ಹೊಟ್ಟೆಯಡಿ ಕಾಣುವ ಪುಟ್ಟ ಗಾಳಿಚಕ್ರ ತೋರಿಸಿ, ಇಂಜಿನ್ ಶಕ್ತಿ ಹೋದಾಗ ಇಳಿಯುವುದು ಇದೇ ಎಂದು ಅವನೇ ನಮಗೆ ಹೇಳಿಕೊಟ್ಟ. ಟಿ.ವಿ. ಚಾನೆಲ್‌ಗಳ ಬೆಂಕಿ ಗ್ರಾಫಿಕ್ಸಿಗಿಂತ ನಮ್ಮ ಬೋಗಿ ಎಷ್ಟೋ ವಾಸಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಜುಲೈನಲ್ಲಿ ಪ್ರಾಥಮಿಕ ವರದಿ ಬಂತು. ಎರಡೂ ಇಂಜಿನ್‌ಗಳ ಇಂಧನದ ಸ್ವಿಚ್ಚುಗಳು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಾನಕ್ಕೆ ಹೋಗಿದ್ದವು. ಯಾಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದರೆ, ನಾನಲ್ಲ ಎಂದು ಇನ್ನೊಬ್ಬರು ಹೇಳಿದ್ದರು. ಯಾರು, ಹೇಗೆ ಎಂಬುದನ್ನು ವರದಿ ಹೇಳಿರಲಿಲ್ಲ. ಬೋಗಿ ಹೇಳಿತು.

‘ಡ್ರೈವರ್ದೇ ಕಣ್ರಿ. ಇನ್ನೇನು ದೆವ್ವ ಬಂದು ಆಫ್ ಮಾಡ್ತಾ?’

ಕಿಟಕಿಯ ಪಕ್ಕ ಕೂತಿದ್ದ ಹಿರಿಯರೊಬ್ಬರು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಅವರು ಜಗಳಕ್ಕೆ ಹೋಗಲಿಲ್ಲ. ‘ಆ ಸ್ವಿಚ್ಚು ಹೆಂಗದೆ, ಒಸಿ ತೋರ್ಸು ಮಗ’ ಎಂದರು. ಹುಡುಗ ಚಿತ್ರ ತೆಗೆದು ತೋರಿಸಿದ. ಮೇಲಕ್ಕೆತ್ತಿಯೇ ಸರಿಸಬೇಕಾದ ಸ್ವಿಚ್ಚು ಅದು. ಅವರು ಬೆರಳಿನಲ್ಲೇ ಗಾಳಿಯಲ್ಲಿ ಎತ್ತಿ, ಸರಿಸಿ ನೋಡಿದರು. ಏನೂ ಹೇಳಲಿಲ್ಲ.

ಆ ಬೆರಳಿನ ಚಲನೆ ನನ್ನನ್ನು ಬೆಂಗಳೂರಿನ ಅಪಘಾತದ ಕಡೆಗೆ ತಳ್ಳಿತು. 1990ರಲ್ಲೂ ಎರಡು ಪಕ್ಷಗಳಿದ್ದವು. ಎ320 ಆಗ ಹೊಸದು, ಪೈಲಟ್‌ನ ಕೈಯ ಆಜ್ಞೆ ಕಂಪ್ಯೂಟರ್ ಮೂಲಕ ರೆಕ್ಕೆಗೆ ಹೋಗುವ ವಿಮಾನ. ಹಾಗಾಗಿ ಕಂಪ್ಯೂಟರೇ ಕೊಂದಿತು ಎಂದು ಒಂದು ಪಕ್ಷ, ಪೈಲಟ್‌ಗಳಿಗೆ ಓಡಿಸಲು ಬರಲಿಲ್ಲ ಎಂದು ಇನ್ನೊಂದು. ಸರ್ಕಾರ ಉಳಿದ ಎ320ಗಳನ್ನು ನೆಲಕ್ಕಿಳಿಸಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ತನಿಖೆ ನಡೆಸಿದರು.

ತನಿಖೆ ಪೈಲಟ್‌ಗಳನ್ನು ಬಿಡಲಿಲ್ಲ. ವೇಗ ಬೀಳುತ್ತಿದೆ, ಎತ್ತರ ಕರಗುತ್ತಿದೆ ಎಂಬುದು ಅವರ ಗಮನಕ್ಕೆ ಬಂದಾಗ ಹೊತ್ತು ಮೀರಿತ್ತು ಎಂದಿತು. ಆದರೆ ಇಬ್ಬರು ಅನುಭವಿಗಳು ಬಿಸಿಲಿನಲ್ಲಿ, ಕಣ್ಣೆದುರು ರನ್‌ವೇ ಇರುವಾಗ ಅದನ್ನು ಹೇಗೆ ಗಮನಿಸಲಿಲ್ಲ? ಅಲ್ಲಿಗೆ ಬರುತ್ತವೆ ಆ ನಾಬ್‌ಗಳು. ಮುಂದಿನ ಫಲಕದಲ್ಲಿ ಎತ್ತರ ನಿಗದಿಮಾಡುವ ನಾಬ್ ಒಂದು, ಇಳಿಯುವ ವೇಗ ನಿಗದಿಮಾಡುವ ನಾಬ್ ಇನ್ನೊಂದು. ಹಳೆಯ ರೇಡಿಯೋದಲ್ಲಿ ವಾಲ್ಯೂಮಿನದೂ ಸ್ಟೇಷನ್ನಿನದೂ ಇರುತ್ತಿದ್ದಂತೆ, ಅಕ್ಕಪಕ್ಕ. ನಿಮಿಷಕ್ಕೆ 700 ಅಡಿಯಂತೆ ಇಳಿ ಎನ್ನಬೇಕಾದ ಕೈ ಎತ್ತರದ ನಾಬ್ ತಿರುಗಿಸಿ 700 ಅಡಿಗೆ ಇಟ್ಟಿರಬೇಕು ಎಂಬುದು ತನಿಖೆಗೆ ಹೆಚ್ಚು ಸಂಭವ ಎನ್ನಿಸಿತು. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. ಅಂದರೆ ವಿಮಾನಕ್ಕೆ ನೆಲದೊಳಗೆ ಇಳಿ ಎಂದಂತಾಯಿತು. ಅದು ವಿಧೇಯವಾಗಿ ಇಂಜಿನ್‌ಗಳನ್ನು ಐಡಲ್‌ಗೆ ಇಳಿಸಿ ಹೊರಟಿತು.

ಫ್ಲೈಟ್ ಡೈರೆಕ್ಟರ್ ಎಂಬ ಮಾರ್ಗಸೂಚಕವನ್ನು ಇಬ್ಬರೂ ಆಫ್ ಮಾಡಿದ್ದರೆ ವಿಮಾನ ತಾನೇ ವೇಗ ಕಾಪಾಡಿಕೊಳ್ಳುತ್ತಿತ್ತು. ಒಂದು ಆಫ್ ಆಯಿತು, ಇನ್ನೊಂದು ಆನ್‌ನಲ್ಲೇ ಉಳಿಯಿತು. ಇನ್ನೂ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದಿಲ್ಲ. ಬೋಯಿಂಗ್‌ಗಳಲ್ಲಿ ಯಂತ್ರವೇ ಇಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡಿದಾಗ ಪೈಲಟ್‌ನ ಕೈಕೆಳಗಿನ ಲಿವರ್ ಕೂಡ ಹಿಂದೆ ಮುಂದೆ ಚಲಿಸುತ್ತದೆ. ಎ320ಯಲ್ಲಿ ಅದು ಚಲಿಸದು. ಇಂಜಿನ್ ಸುಮ್ಮನಾದದ್ದು ಕೈಗೆ ತಿಳಿಯುವುದಿಲ್ಲ, ಪರದೆಯ ಮೇಲೆ ಓದಬೇಕು. ಇದನ್ನು ಹೇಳಿದಾಗ ಆ ಹಿರಿಯರು, ‘ಕಾಲಿಗೆ ತಿಳೀದಿರೋ ಆಕ್ಸಿಲೇಟ್ರು ಇದ್ದಂಗೆ’ ಎಂದರು. ಅವರಷ್ಟು ಚೆನ್ನಾಗಿ ಯಾವ ತಜ್ಞರೂ ನನಗೆ ಇದನ್ನು ತಿಳಿಸಿರಲಿಲ್ಲ.

1992ರ ಜನವರಿ 20ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. 3.3 ಡಿಗ್ರಿ ಕೋನದಲ್ಲಿ ಇಳಿಯಲು ಹೋಗಿ ನಿಮಿಷಕ್ಕೆ 3,300 ಅಡಿಯಂತೆ ಇಳಿದಿರಬಹುದು ಎಂಬುದು ಅಲ್ಲಿನ ಬಲವಾದ ಊಹೆ. ಒಂದೇ ನಾಬ್, ಎರಡು ಅರ್ಥ. ಪರದೆಯಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ. ಆಮೇಲೆ ಏರ್‌ಬಸ್ ಆ ಅಂಕಿ ತೋರಿಸುವ ಬಗೆಯನ್ನೇ ಬದಲಿಸಿತು. ಸತ್ತ ಪೈಲಟ್‌ನದೇ ತಪ್ಪು ಎಂದು ಫೈಲು ಮುಚ್ಚಿದ್ದರೆ ಆ ಅಂಕಿ ಹಾಗೆಯೇ ಇರುತ್ತಿತ್ತು.

ನನ್ನ ಸೋದರಮಾವ ಕಬ್ಬಿನ ಲಾರಿ ಓಡಿಸುತ್ತಿದ್ದರು. ಕೆ.ಎಂ. ದೊಡ್ಡಿ ರಸ್ತೆಯಲ್ಲಿ ಒಂದು ರಾತ್ರಿ ಲೋಡಿನ ಸಮೇತ ಮಗುಚಿ ತೀರಿಕೊಂಡರು. ತಿಥಿ ಊಟಕ್ಕೆ ಕೂತ ಪಂಕ್ತಿಯಲ್ಲೇ ಕಾರಣ ತೀರ್ಮಾನವಾಯಿತು: ಕುಡಿದಿದ್ದ. ಇನ್ನೊಂದು ಪಂಕ್ತಿಯಲ್ಲಿ: ತೂಕಡಿಸಿದ. ಅತ್ತೆ ಬಡಿಸುತ್ತಲೇ, ‘ಅವ್ರು ಕುಡೀತಿರ್ಲಿಲ್ಲ ಕಣಪ್ಪ’ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಆ ವಾರದಲ್ಲಿ ಎರಡು ಸಲ ಬ್ರೇಕ್ ಹಿಡಿಯುತ್ತಿಲ್ಲ ಎಂದು ಮಾವ ಮನೆಯಲ್ಲಿ ಹೇಳಿದ್ದರಂತೆ. ಹೇರಿದ್ದ ಲೋಡು ಎಷ್ಟು ಟನ್ ಎಂದು ಯಾರೂ ತೂಗಲಿಲ್ಲ. ಬ್ರೇಕ್ ಡ್ರಮ್ ಯಾರೂ ಬಿಚ್ಚಲಿಲ್ಲ. ಚೆಲ್ಲಿದ ಕಬ್ಬನ್ನು ಮಾತ್ರ ಮಾರನೆಯ ದಿನವೇ ಇನ್ನೊಂದು ಲಾರಿಗೆ ಹೇರಿ ಕಾರ್ಖಾನೆಗೆ ಕಳಿಸಿದರು. ಮುರಿದ ಲಾರಿ ಗುಜರಿಗೆ ತೂಕಕ್ಕೆ ಹೋಯಿತು.