ಟಾಕೆ ಎಷ್ಟು?

ಪುಣೆಯಲ್ಲಿ ಬಾಣಂತಿಯನ್ನು ನೋಡಲು ಬಂದವರು ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದು. ಆಮೇಲೆ, "ಟಾಕೆ ಎಷ್ಟು?" ಟಾಕೆ ಅಂದರೆ ಹೊಲಿಗೆ. 2004ರಲ್ಲಿ ನನ್ನ ಮಗಳು ಹುಟ್ಟಿದಾಗ ಪಕ್ಕದ ಮನೆಯ ಕಾಕೂ ಕೇಳಿದರು. ನನಗೆ ಲೆಕ್ಕ ಗೊತ್ತಿರಲಿಲ್ಲ. ಕೂಸು ದೊಡ್ಡದು, ಫೋರ್ಸೆಪ್ಸ್ ಹಾಕಿ ತೆಗೆದರು. ಆಮೇಲೆ ಆಪರೇಶನ್ ಥಿಯೇಟರಿಗೆ ಒಯ್ದು ಹೊಲಿದರು. "ಥರ್ಡ್ ಡಿಗ್ರಿ" ಎಂದರು. ಅದು ಪೊಲೀಸರು ಕೊಡುವುದು ಎಂದಷ್ಟೇ ತಿಳಿದಿದ್ದೆ! ಚರ್ಮ ಹರಿದರೆ ಒಂದನೆಯದು, ಅದರಡಿಯ ಸ್ನಾಯುವೂ ಹರಿದರೆ ಎರಡನೆಯದು, ಗುದದ್ವಾರವನ್ನು ಬಿಗಿಹಿಡಿಯುವ ಬಳೆಯಂಥ ಸ್ನಾಯುವಿಗೂ ತಾಗಿದರೆ ಮೂರನೆಯದು, ಒಳಪೊರೆಯೂ ಹರಿದರೆ ನಾಲ್ಕನೆಯದು. ಇದೆಲ್ಲ ನನಗೆ ತಿಳಿದದ್ದು ತಡವಾಗಿ.

ಬಾಣಂತನಕ್ಕೆ ಧಾರವಾಡದಿಂದ ಅವ್ವ ಬಂದಳು, ಚೀಲದ ತುಂಬ ಅಂಟಿನುಂಡಿ. ನೀರು ಕೇಳಿದರೆ ಅರ್ಧ ಲೋಟ. "ಹಸಿ ಮೈಯಾಕಿ, ನೀರು ಕುಡದ್ರ ಹೊಟ್ಟಿ ಬರ್ತದ." ಕಾಯಿಪಲ್ಲೆಯೂ ಬಂದ್. ಆಸ್ಪತ್ರೆಯವರು ಹೇಳಿದ್ದು ಪೂರಾ ಉಲ್ಟಾ: ನೀರು ಚೆನ್ನಾಗಿ ಕುಡಿ, ಸೊಪ್ಪು ತರಕಾರಿ ತಿನ್ನು, ಮಲ ಮೆತ್ತಗಾಗಲು ಲ್ಯಾಕ್ಟುಲೋಸ್ ಸಿರಪ್ ತಪ್ಪಿಸಬೇಡ, ತಿಣುಕಬೇಡ. ನಾನು ಬಚ್ಚಲಿನಲ್ಲಿ ಕದ್ದು ನೀರು ಕುಡಿದೆ.

ನೋವು ತಿಂಗಳೊಪ್ಪತ್ತಿನಲ್ಲಿ ಇಳಿಯಿತು. ಉಳಿದದ್ದು ಬೇರೆ. ಗಾಳಿ ತಡೆಯಲಾಗುತ್ತಿರಲಿಲ್ಲ, ಒಮ್ಮೊಮ್ಮೆ ಗಾಳಿಯಷ್ಟೇ ಅಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಲು ಧಾರವಾಡಕ್ಕೆ ಹೋಗಬೇಕು, ರಾತ್ರಿಯಿಡೀ ಬಸ್ಸು. ಒಲ್ಲೆ ಎಂದೆ, ಕಾರಣ ಹೇಳಲಿಲ್ಲ. ಹೇಳುವುದಾದರೂ ಹೇಗೆ? ನನ್ನ ಕನ್ನಡದಲ್ಲಿ ಅದಕ್ಕಿದ್ದ ಮಾತುಗಳು ಒಂದೋ ಬೈಗುಳ, ಇಲ್ಲವೇ ಹುಡುಗರ ಚಾಷ್ಟಿ. ಅವ್ವನಿಗೆ ಸಿಟ್ಟು. "ಎಲ್ಲಾರೂ ಹಡದಾರ, ನೀ ಒಬ್ಬಾಕಿನಽ ಹಡದಿಯೇನು?"

ಆರನೆಯ ವಾರದ ತಪಾಸಣೆಯಲ್ಲಿ ನರ್ಸಬಾಯಿ ತೂಕ ಬರೆದುಕೊಳ್ಳುತ್ತ ಕೇಳಿದರು: "ಗ್ಯಾಸ್ ಧರತಾ ಯೇತೋ ಕಾ?" ಗಾಳಿ ಹಿಡಿಯಲು ಆಗುತ್ತದೆಯೇ ಎಂದು, ಬದನೆಕಾಯಿ ದರ ಕೇಳಿದ ಹಾಗೆ. ನನ್ನ ಹರಕು ಮರಾಠಿಯಲ್ಲಿ ಎಲ್ಲ ಹೇಳಿಬಿಟ್ಟೆ. ಕನ್ನಡದಲ್ಲಾಗಿದ್ದರೆ ಬಾಯಿ ಬರುತ್ತಿರಲಿಲ್ಲ. ಫಿಸಿಯೊಥೆರಪಿಗೆ ಕಳಿಸಿದರು. ಗಾಳಿ ತಡೆಯುವವರಂತೆ ಬಿಗಿದು, ಮೇಲಕ್ಕೆಳೆದು, ಹತ್ತು ಎಣಿಸಿ ಸಡಿಲ ಬಿಡಬೇಕು, ಉಸಿರು ಕಟ್ಟಬಾರದು. ದಿನಕ್ಕೆ ಮೂರು ಹೊತ್ತು. ಮೊದಮೊದಲು ಮೂರು ಎಣಿಸುವಷ್ಟರಲ್ಲಿ ಜಾರುತ್ತಿತ್ತು. ಒಲೆಯ ಮುಂದೆ, ಬಸ್ ಸ್ಟಾಪಿನಲ್ಲಿ, ಎಲ್ಲೆಂದರಲ್ಲಿ ಮಾಡಿದೆ. ಆರು ತಿಂಗಳು ಹಿಡಿಯಿತು. ಪೂರ್ತಿ ಮೊದಲಿನಂತಾಯಿತು ಎನ್ನಲಾರೆ. ಅವಸರವಾದರೆ ಇಂದಿಗೂ ಕಾಯಲಾಗದು. ಎರಡನೆಯ ಬಸಿರಿನಲ್ಲಿ ಡಾಕ್ಟರಿಗೆ ಮೊದಲೇ ಹೇಳಿದೆ; ಪರೀಕ್ಷೆ ಮಾಡಿ, ಮಾತಾಡಿ, ಸಿಸೇರಿಯನ್ ಎಂದು ನಿಶ್ಚಯಿಸಿದೆವು.

ಸುಮ್ಮನೆ ಹೊಟ್ಟೆ ಯಾಕೆ ಕೊಯ್ಸಿಕೊಂಡಿ ಎಂದು ಅವ್ವ ಕೇಳಿದಳು. ಈ ಸಲ ಹೇಳಿದೆ, ಕನ್ನಡದಲ್ಲೇ. ಅವಳು ಬಹಳ ಹೊತ್ತು ಕೂಸಿನ ಕುಂಚಿಗೆ ಮಡಚುತ್ತ ಕೂತಳು.

"ನಿನ್ನ ಹಡದಾಗಿಂದ ನನಗೂ ಹಂಗಽ ಅದ. ಅದಕ್ಕಽ ದೂರದ ಲಗ್ನಕ್ಕ ಹೋಗೂದು ಬಿಟ್ಟೆ. ಇಲ್ಲಿಗೆ ಬರೂ ಮುಂದ ಹಿಂದಿನ ದಿನದಿಂದ ಏನೂ ತಿನ್ನದಽ ಬಸ್ ಹತ್ತತೀನಿ."

ಆ ರಾತ್ರಿ ಕೂಸು ಮಲಗಿದ ಮೇಲೆ ಚಾಪೆ ಹಾಸಿದಳು. "ಹೆಂಗ ಎಣಸೂದು, ತೋರಸು" ಎಂದಳು. ನಾನು ಎಣಿಸಿದೆ. ನಾಲ್ಕಕ್ಕೆ ಅವಳಿಗೆ ನಗು ಬಂತು. ಮತ್ತೆ ಒಂದರಿಂದ ಸುರು ಮಾಡಿದೆವು.